ಆರ್ಡರ್ ಬಂದ ಮೇಲೆ ಮಂಚ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಪೀಠೋಪಕರಣಗಳ ಅಂಗಡಿ. ಮಂಚ, ಸೋಫಾ ಮಾಡಿಸಿಟ್ಟು ಮಾರುತ್ತೇನೆ. ಮಗ ‘ಆರ್ಡರ್ ಬಂದ ಮೇಲಷ್ಟೇ ಮಾಡಿಸೋಣ, ಟೊಯೋಟಾದವರೂ ದಾಸ್ತಾನು ಇಡುವುದಿಲ್ಲ’ ಎನ್ನುತ್ತಾನೆ. ಅವನ ಮಾತು ಕೇಳಬಹುದೇ?

ಉತ್ತರ: ಅರ್ಧ ಕೇಳಿ. ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಉಗ್ರಾಣ ನೋಡಿಕೊಂಡವನು ನಾನು. ಯಾರಿಗೂ ಬೇಡವಾಗಿ ತುಕ್ಕು ಹಿಡಿದ ಬೋಲ್ಟುಗಳನ್ನು ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟ ಸಂಕಟ ಇನ್ನೂ ಇದೆ.

ಟೊಯೋಟಾದ ಎಂಜಿನಿಯರ್ ತೈಚಿ ಓನೊ ಅವರಿಗೆ ಈ ಪದ್ಧತಿಯ ಹೊಳಹು ಸಿಕ್ಕಿದ್ದು ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಿಂದ: ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ತುಂಬುವುದು. ಯಾವ ಭಾಗ ಎಷ್ಟು ಬೇಕೆಂದು ಹಿಂದಿನ ವಿಭಾಗಕ್ಕೆ ತಿಳಿಸುವ ಚೀಟಿಯೇ ‘ಕಾನ್‌ಬಾನ್’. ಆದರೆ 2011ರ ಜಪಾನಿನ ಭೂಕಂಪದಲ್ಲಿ ಪೂರೈಕೆದಾರರ ಕಾರ್ಖಾನೆಗಳು ನಿಂತಾಗ ಅವರ ಕಾರು ತಯಾರಿಕೆಯೂ ನಿಂತಿತು. ಆಮೇಲೆ ಕಾರಿನ ಎಲೆಕ್ಟ್ರಾನಿಕ್ ಭಾಗಗಳಿಗೆ ಬೇಕಾದ ಚಿಪ್‌ಗಳನ್ನು ಕೆಲವು ತಿಂಗಳಿಗಾಗುವಷ್ಟು ಕೂಡಿಡುವಂತೆ ಪೂರೈಕೆದಾರರಿಗೆ ಹೇಳಿದರು. 2021ರ ಆರಂಭದಲ್ಲಿ ಚಿಪ್ ಕೊರತೆಯಾದಾಗ ಉಳಿದವರಿಗಿಂತ ಹೆಚ್ಚು ದಿನ ತಡೆದುಕೊಂಡದ್ದು ಹಾಗೆ. ಮಗನಿಗೆ ಇದನ್ನೂ ಓದಿ ಹೇಳಿ.

ನಿಮ್ಮ ಚಿಪ್ ಯಾವುದು? ಒಣಗಿದ ಮರ. ಹಸಿ ಹಲಗೆಯಲ್ಲಿ ಅವಸರದಿಂದ ಮಾಡಿದ ಮಂಚ ಬೇಸಿಗೆಗೆ ಬಿರುಕು ಬಿಡುತ್ತದೆ. ಆದ್ದರಿಂದ ಮರ ಕೂಡಿಡಿ, ಸೋಫಾ ಕೂಡಿಡಬೇಡಿ. ಬಟ್ಟೆಯ ಬಣ್ಣ ಗಿರಾಕಿಯೇ ಆರಿಸಲಿ, ಅರ್ಧ ಹಣ ಮುಂಗಡ ಕೊಡಲಿ. ಮದುವೆ ಕಾಲಕ್ಕೆ ಮಾತ್ರ ಮೂರ್ನಾಲ್ಕು ಮಂಚ ಸಿದ್ಧವಿರಲಿ. ನಿಮ್ಮ ಬಡಗಿ ಹೇಳಿದ ದಿನಕ್ಕೆ ಕೊಡುವವರೇ ಎಂಬುದನ್ನು ಮೊದಲು ನೋಡಿಕೊಳ್ಳಿ. ನನ್ನ ತಂಗಿಯ ಮಗಳಿಗೆ ಮದುವೆಗೆಂದು ಹೇಳಿಸಿದ ಮಂಚ ಮನೆಗೆ ಬಂದದ್ದು ಅವಳ ಸೀಮಂತದ ವಾರ.