ಇನ್‌ಸ್ಟಾಗ್ರಾಂ ಇರುವಾಗ ಫೋಟೋ ಕ್ಲಬ್ಬಿನ ಪ್ರದರ್ಶನಕ್ಕೆ ಯಾಕೆ ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು. ಬಳ್ಳಾರಿಯಲ್ಲಿದ್ದೀರಿ, ಒಂದೆರಡು ವರ್ಷದಿಂದ ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುತ್ತಿದ್ದೀರಿ. ಊರಿನ ಫೋಟೋಗ್ರಫಿ ಕ್ಲಬ್ಬಿನವರು ವನ್ಯಜೀವಿ ಸಪ್ತಾಹಕ್ಕೆ ಪ್ರದರ್ಶನ ಇಟ್ಟುಕೊಂಡಿದ್ದಾರೆ. ನಾಲ್ಕು ಫೋಟೋ ಕೊಡಿ, ಅರ್ಧ ಗಂಟೆ ಮಾತಾಡಿ ಅಂದಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ಸಾವಿರ ಜನ ನೋಡುತ್ತಾರೆ, ಅಲ್ಲಿ ಐವತ್ತು ಜನ ಬಂದರೆ ಜಾಸ್ತಿ, ಮೇಲೆ ಪ್ರಿಂಟಿನ ಖರ್ಚು ಬೇರೆ. ಹೋಗಬೇಕಾ ಅಂತ ಕೇಳಿದ್ದೀರಿ.

ಹೋಗಿ. ಫೋಟೋನೂ ಕೊಡಿ, ಮಾತೂ ಆಡಿ. ನಾನು ಕೊಪ್ಪಳದವನು. ಹೊಸಪೇಟೆ, ಬಳ್ಳಾರಿ ಕಡೆ ಇಂಥ ಗುಂಪುಗಳ ಜೊತೆ ಓಡಾಡಿಕೊಂಡಿದ್ದೇನೆ, ಹಾಗಾಗಿ ಹೇಳುತ್ತೇನೆ. ಇನ್‌ಸ್ಟಾದಲ್ಲಿ 'ಸೂಪರ್ ಬ್ರೋ' ಸಿಗುತ್ತೆ. 'ಇದು ನಿಮಗೆ ಹೇಗೆ ಸಿಕ್ಕಿತು?' ಅಂತ ಅಲ್ಲಿ ಯಾರೂ ಕೇಳಲ್ಲ. ಒಳ್ಳೆ ಕ್ಲಬ್ಬಿನಲ್ಲಿ ಮೊದಲು ಕೇಳುವುದೇ ಅದನ್ನು. ಕೇಳದ ಕ್ಲಬ್ಬಾದರೆ ಚಹಾ ಕುಡಿದು ಎದ್ದು ಬನ್ನಿ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆ ಯಾವ ಪ್ರದರ್ಶನಕ್ಕೆ ಹೋದರೂ ದರೋಜಿಯ ಕರಡಿ ಇದ್ದೇ ಇರುತ್ತೆ. ಬಂಡೆ ಮೇಲೆ ಕರಡಿ, ಸಂಜೆ ಬಿಸಿಲು, ಬೆನ್ನ ಮೇಲೆ ಮರಿ ಇದ್ದರಂತೂ ಕೇಳುವುದೇ ಬೇಡ. ಒಮ್ಮೆ ಒಬ್ಬ ಹುಡುಗ ಅಂಥದ್ದೇ ಫೋಟೋ ತೋರಿಸಿದ. ಕೂದಲು ಕೂದಲೂ ಶಾರ್ಪ್. ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ ಮೆಲ್ಲಗೆ ಕೇಳಿದರು: "ಮಳೆ ಇರಲಿಲ್ಲ ಅಂತೀಯ. ಮತ್ತೆ ಬಂಡೆ ಯಾಕಪ್ಪ ಅಲ್ಲಷ್ಟೇ ಒದ್ದೆಯಾಗಿದೆ?"

ನೋಡಿದರೆ ಹೌದು. ಕರಡಿಯ ಮೂತಿಯ ಕೆಳಗೆ ಬಂಡೆ ಮೇಲೊಂದು ಕಪ್ಪು ಪಟ್ಟೆ, ಅಂಚಿನಲ್ಲಿ ಎಣ್ಣೆ ಚೆಲ್ಲಿದ ಹಾಗೆ ಹೊಳಪು. ಅದು ಬೆಲ್ಲ, ಜೇನಿನ ಪಾಕ. ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಅಲ್ಲಿ ವಾಚ್ ಟವರಿನ ಎದುರಿನ ಬಂಡೆಗಳಿಗೆ ಮಧ್ಯಾಹ್ನ ಅರಣ್ಯ ಸಿಬ್ಬಂದಿ ಇದನ್ನು ಬಳಿದು ಹೋಗುವ ರೂಢಿ. ಆಮೇಲೆ ಕರಡಿ ಇಳಿದು ಬರುತ್ತೆ. ಜೊತೆಗೆ ನವಿಲು, ಕಾಡುಹಂದಿ, ಮುಂಗುಸಿಯೂ ಬರುತ್ತವೆ. ಟವರಿನಲ್ಲಿ ನಿಂತವರಿಗೆಲ್ಲ ಹೆಚ್ಚುಕಡಿಮೆ ಅದೇ ಕೋನ, ಅದೇ ಬೆಳಕು, ಅದೇ ನಾಲಿಗೆ. ಇದರಲ್ಲಿ ಕದ್ದುಮುಚ್ಚಿ ಮಾಡುವಂಥದ್ದು ಏನೂ ಇಲ್ಲ, ನಾನೂ ಅಲ್ಲಿ ನಿಂತು ತೆಗೆದವನೇ. ಆದರೆ ಅಡಿಬರಹದಲ್ಲಿ 'ಆಹಾರ ಹುಡುಕುತ್ತಿರುವ ಕರಡಿ' ಅಂತ ಬರೆದರೆ ಅದು ಸುಳ್ಳು. ಬಡಿಸಿಟ್ಟದ್ದನ್ನು ತಿನ್ನುತ್ತಿರುವ ಕರಡಿ ಅದು.

ಅದೇ ದಿನ ಇನ್ನೊಬ್ಬರು ಒಂದು ಮಂಕು ಫೋಟೋ ತೋರಿಸಿದರು. ಕತ್ತಲಾಗುತ್ತಿತ್ತು, ಗ್ರೇನ್ ಎದ್ದು ಕಾಣುತ್ತಿತ್ತು, ಮುಂದೆ ಜಾಲಿ ಕಡ್ಡಿ ಅಡ್ಡ. ಆದರೆ ಕರಡಿ ಹುತ್ತ ಕೆದರಿ ಅದರೊಳಗೆ ಮೂತಿ ಇಟ್ಟಿತ್ತು. ತುಟಿ ಕೊಳವೆಯ ಹಾಗೆ ಮುಂದಕ್ಕೆ ಚಾಚಿತ್ತು, ಸುತ್ತ ಮಣ್ಣಿನ ದೂಳು. ನಮ್ಮ ಕಡೆಯ ಕರಡಿಗೆ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಅದು ಗೆದ್ದಲನ್ನು ಎಳೆದುಕೊಳ್ಳುವುದು. ಮೊದಲು ಊದಿ ಮಣ್ಣು ಹಾರಿಸುತ್ತೆ, ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಹೀರುತ್ತೆ. ಆ ಸದ್ದು ಎಷ್ಟೋ ದೂರಕ್ಕೆ ಕೇಳುತ್ತೆ. ಇದನ್ನೆಲ್ಲ ಆ ಮಂಕು ಫೋಟೋ ಇಟ್ಟುಕೊಂಡೇ ಅವರು ಹೇಳಿದರು. ಸಭೆ ಮುಗಿದ ಮೇಲೆ ಮಿರ್ಚಿ, ಒಗ್ಗರಣೆ ತಿನ್ನುವಾಗ ಎಲ್ಲರ ಬಾಯಲ್ಲೂ ಹುತ್ತದ ಕರಡಿಯದೇ ಮಾತು.

ಇದು ಬರೀ ನಮ್ಮವರ ರುಚಿಯಲ್ಲ. ಸಲಾನ್ ಅಂತ ಕರೆಯುವ ಸ್ಪರ್ಧಾ ಪ್ರದರ್ಶನಗಳಲ್ಲೂ ನೇಚರ್ ವಿಭಾಗದ ನಿಯಮ ಹಾಗೇ ಇದೆ. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ (ಪಿಎಸ್‌ಎ), ಅಂತರರಾಷ್ಟ್ರೀಯ ಫೋಟೋಗ್ರಫಿ ಒಕ್ಕೂಟವಾದ ಫಿಯಾಪ್, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ 2014ರಲ್ಲಿ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಚಿತ್ರದ ಅಂದಕ್ಕಿಂತ ಅದು ಹೇಳುವ ಕಥೆಗೆ ತೂಕ ಜಾಸ್ತಿ ಅನ್ನುವುದು ಅದರ ತಿರುಳು. ಕ್ರಾಪ್ ಮಾಡಬಹುದು, ಕಪ್ಪು-ಬಿಳುಪು ಮಾಡಬಹುದು, ಸೆನ್ಸರಿನ ದೂಳಿನ ಚುಕ್ಕೆ ಅಳಿಸಬಹುದು. ಚಿತ್ರದಲ್ಲಿ ಇದ್ದದ್ದನ್ನು ತೆಗೆಯುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಎರೆಹೊಲದ ಮೇಲೆ ಹಾರುವ ಹ್ಯಾರಿಯರ್ ಗಿಡುಗದ ಹಿಂದೆ ಕರೆಂಟ್ ತಂತಿ ಬಂದಿದೆ ಅಂತ ಕ್ಲೋನ್ ಮಾಡಿ ಅಳಿಸಿದರೆ, ಆ ಫೋಟೋ ನೇಚರ್ ವಿಭಾಗದಿಂದ ಹೊರಗೆ. ಮನುಷ್ಯರ ಗುರುತು ಇರಬಾರದು, ಆದರೆ ಅದೇ ಕಥೆಯ ಭಾಗವಾಗಿದ್ದರೆ ಇರಬಹುದು. ಹಳೇ ಗುಡಿಯ ಗೂಡಿನಲ್ಲಿ ಕೂತ ಕಣಜಗೂಬೆ ನಡೆಯುತ್ತೆ, ಯಾಕೆಂದರೆ ಅದು ವಾಸ ಮಾಡುವುದೇ ಅಲ್ಲಿ. ಜೀವ ಇರುವ ಪ್ರಾಣಿಯನ್ನು ಆಮಿಷಕ್ಕೆ ಕಟ್ಟಿ ತೆಗೆದದ್ದು, ಮರಿಯನ್ನು ಗೂಡಿನಿಂದ ಹೊರಗಿಟ್ಟು ತೆಗೆದದ್ದು ಪೂರ್ತಿ ನಿಷಿದ್ಧ. ಬೆಲ್ಲದ ಪಾಕ ಈ ಸಾಲಿಗೆ ಬರಲ್ಲ ಬಿಡಿ. ಹೇಳಿಬಿಟ್ಟರೆ ಮುಗಿಯಿತು.

ಸಲಾನ್ ಹೇಗಿರುತ್ತೆ ಅಂತ ನೋಡಬೇಕಾದರೆ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯ ಕೆಲಸ ಗಮನಿಸಿ, 1971ರಿಂದ ಇದೆ. ಹಾಗಂತ ಈ ಹುಚ್ಚು ನಮ್ಮ ಕಡೆಗೆ ಬೆಂಗಳೂರಿನಿಂದ ಬಂದದ್ದು ಅಂದುಕೊಳ್ಳಬೇಡಿ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರ ತೆಗೆದು ಹೊರದೇಶಗಳಲ್ಲೂ ಹೆಸರು ಮಾಡಿದ್ದರು. ನಿಮ್ಮ ಕ್ಲಬ್ಬಿನ ಹಿರಿಯರನ್ನು ಕೇಳಿ, ಅವರ ಬಗ್ಗೆ ಒಂದು ಗಂಟೆ ಹೇಳಿಯಾರು.

ಇನ್ನು ಯಾರು ನೋಡುತ್ತಾರೆ ಅನ್ನುವ ವಿಷಯ. ಐವತ್ತು ಜನ ಅಂತ ಬೇಸರ ಮಾಡಿಕೊಂಡಿದ್ದೀರಿ. ಗೋಡೆಗೆ ಹಾಕಿದ ಫೋಟೋ ಮುಂದೆ ಜನ ನಿಲ್ಲುತ್ತಾರೆ. ಮೊಬೈಲಿನಲ್ಲಿ ಯಾರು ನಿಲ್ಲುತ್ತಾರೆ ಹೇಳಿ? ನಮ್ಮ ಜಿಲ್ಲೆಯಲ್ಲಿ ಒಂದು ಶಾಲೆಯ ಹಾಲಿನಲ್ಲಿ ಪ್ರದರ್ಶನ ಇಟ್ಟಾಗ ಕುರಿ ಮೇಯಿಸುವವರೊಬ್ಬರು ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಒಳಗೆ ಬಂದರು. ತೋಳದ ಫೋಟೋ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ ಬೆರಳಿಟ್ಟು ತೋರಿಸಿದರು: "ಇದು ಹೆಣ್ಣು ಐತಿ ನೋಡ್ರಿ. ಮರಿ ಹಾಕೈತಿ, ಹಾಲು ಇಳದೈತಿ." ಫೋಟೋ ತೆಗೆದವನು ಅದನ್ನು ಗಮನಿಸಿಯೇ ಇರಲಿಲ್ಲ. ಅವನು ಕಣ್ಣಿನ ಫೋಕಸ್ ನೋಡಿಕೊಂಡಿದ್ದ. ತೋಳ ಯಾವ ಹೊತ್ತಿಗೆ ಹಟ್ಟಿ ಹತ್ತಿರ ಬರುತ್ತೆ, ನಾಯಿ ಬೊಗಳುವ ರೀತಿ ಹೇಗೆ ಬದಲಾಗುತ್ತೆ ಅಂತ ಅವರು ಅಲ್ಲೇ ಹೇಳುತ್ತಾ ಹೋದರು. ಅವತ್ತಿನ ಅಸಲಿ ಭಾಷಣ ಅದು. ವೇದಿಕೆ ಮೇಲೆ ನಡೆದದ್ದು ಈಗ ನೆನಪಿಲ್ಲ.

ಜನ ಹೀಗೆ ನಿಂತು ನೋಡಿ, ಕೇಳುತ್ತಾರೆ ಅನ್ನುವ ಕಾರಣಕ್ಕೇ ಇನ್ನೊಂದು ಮಾತು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೇ ಅಂತ ಒಂದು ಧಾಮ ಆಗಿದೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯಿತು. ಇಂಥ ಹೆಸರುಗಳನ್ನು ಫೋಟೋ ಕೆಳಗೆ ಧಾರಾಳವಾಗಿ ಬರೆಯಿರಿ. ಆದರೆ ಗವಿ, ಬಿಲ, ಗೂಡು ಎಲ್ಲಿದೆ ಅಂತ ಬರೆಯಬೇಡಿ, ಮಾತಿನಲ್ಲೂ ಬಾಯಿಬಿಡಬೇಡಿ. ಸಭೆಯಲ್ಲಿ ಖಂಡಿತ ಯಾರೋ ಒಬ್ಬ 'ಸಾರ್, ಲೊಕೇಶನ್?' ಅನ್ನುತ್ತಾನೆ. ತಾಲ್ಲೂಕಿನ ಹೆಸರು ಹೇಳಿ ನಿಲ್ಲಿಸಿ. ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ವಿಷಯಕ್ಕೆ ಬಂದರಂತೂ ಅದೂ ಬೇಡ, ಬಳ್ಳಾರಿ ಜಿಲ್ಲೆ ಅಂದರೆ ಸಾಕು. ಜಿಲ್ಲೆಯ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟೇ ಕಂಡಿರುವ ಹಕ್ಕಿ ಅದು. ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ, ಅದೂ ಬರೀ ನೆಲದ ಮೇಲೆ. ನಾಲ್ಕು ಕಾರು ಬಂದು ನಿಂತರೆ ಆ ವರ್ಷದ ಕಥೆ ಅಲ್ಲಿಗೆ ಮುಗಿಯಿತು. ಮೊಬೈಲಿನಲ್ಲಿ ತೆಗೆದ ಫೋಟೋ ಕೊಡುವುದಾದರೆ ಅದರೊಳಗೆ ಜಿಪಿಎಸ್ ಕೂತಿರುತ್ತೆ, ಅದನ್ನು ತೆಗೆದು ಕೊಡಿ.

ಮಾತಿನ ಬಗ್ಗೆ ಹೇಳುವುದಾದರೆ, ಒಂದೇ ಜಾಗ ಹಿಡಿದುಕೊಳ್ಳಿ. ಎರಡು ವರ್ಷದಲ್ಲಿ ಹೋದಲ್ಲೆಲ್ಲ ತೆಗೆದದ್ದನ್ನು ತೋರಿಸಲು ಹೋದರೆ ಅದು ಮದುವೆ ಆಲ್ಬಂ ಆಗುತ್ತೆ. ನಿಮ್ಮ ಮನೆ ಹತ್ತಿರದ ಒಂದು ಕೆರೆ ಸಾಕು. ಬೇಸಿಗೆಯಲ್ಲಿ ಅಲ್ಲಿ ಏನು, ಮಳೆ ಬಂದ ಮೇಲೆ ಏನು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬಂದು ಇಳಿದಾಗ ಏನು. ಟಿಬೆಟ್, ಮಂಗೋಲಿಯ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ನಮ್ಮೂರ ಕಡಲೆ ಹೊಲದಲ್ಲಿ ಮೇಯುತ್ತೆ ಅಂದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹೊಲದ ಯಜಮಾನ ಬೇರೆ ಥರ ಕೇಳುತ್ತಾನೆ, ಅದಕ್ಕೂ ತಯಾರಿರಿ. ಅರ್ಧ ಗಂಟೆಗೆ ಹದಿನೈದು, ಇಪ್ಪತ್ತು ಫೋಟೋ ಮೀರಬಾರದು. ಯಾವ ಲೆನ್ಸ್, ಎಷ್ಟು ಶಟರ್ ಅಂತ ಕೇಳೇ ಕೇಳುತ್ತಾರೆ, ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಕನ್ನಡದಲ್ಲೇ ಮಾತಾಡಿ. ಹಕ್ಕಿಗೆ ನಿಮ್ಮ ಕಡೆ ಏನು ಹೆಸರು ಅಂತ ಸಭೆಯನ್ನೇ ಕೇಳಿ, ಮೂರು ಊರಿನವರು ಮೂರು ಹೆಸರು ಹೇಳುತ್ತಾರೆ. ಪ್ರೊಜೆಕ್ಟರನ್ನು ಮೊದಲೇ ಹಚ್ಚಿ ನೋಡಿ. ಬಳ್ಳಾರಿ ಬಿಸಿಲಿಗೆ ಪರದೆ ಇಲ್ಲದ ಹಾಲಿನಲ್ಲಿ ಮಧ್ಯಾಹ್ನ ಏನೂ ಕಾಣಲ್ಲ. ಸಂಜೆ ಇಡಿ ಅಂತ ಹೇಳಿ.

ಪ್ರಿಂಟಿಗೆ 12 ಇಂಚು ಅಗಲ, 18 ಇಂಚು ಉದ್ದ ಸಾಕು. ಆ ಅಳತೆಗೆ ಇಂಚಿಗೆ 300 ಚುಕ್ಕೆ ಬೇಕಾದರೆ ಸುಮಾರು 19 ಮೆಗಾಪಿಕ್ಸೆಲ್ ಬೇಕು. 200 ಇದ್ದರೂ ಎರಡು ಹೆಜ್ಜೆ ದೂರದಿಂದ ಚೆನ್ನಾಗೇ ಕಾಣುತ್ತೆ, ಅದಕ್ಕೆ 9 ಮೆಗಾಪಿಕ್ಸೆಲ್ಲಿಗೂ ಕಮ್ಮಿ ಸಾಕು. ಹಾಗಾಗಿ ಜಾಸ್ತಿ ಕ್ರಾಪ್ ಮಾಡಿದ ಫೋಟೋ ಅಂತ ಹೆದರಬೇಡಿ. ಗ್ಲಾಸಿ ಬೇಡ, ಮ್ಯಾಟ್ ಹಾಕಿಸಿ. ಟ್ಯೂಬ್‌ಲೈಟ್ ಇರುವ ಹಾಲಿನಲ್ಲಿ ಗ್ಲಾಸಿ ಪ್ರಿಂಟ್ ಮೇಲೆ ಹಕ್ಕಿಗಿಂತ ಮೊದಲು ಟ್ಯೂಬ್‌ಲೈಟೇ ಕಾಣುವುದು. ಕಂಪ್ಯೂಟರ್ ಪರದೆಯಲ್ಲಿ ಸರಿ ಕಂಡದ್ದು ಕಾಗದದ ಮೇಲೆ ಕಪ್ಪಾಗಿ ಬರುತ್ತೆ, ಸ್ವಲ್ಪ ಬೆಳಕು ಏರಿಸಿ ಕಳಿಸಿ. ಫ್ಲೆಕ್ಸ್ ಅಗ್ಗ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಗರಿಯ ಬಣ್ಣ ಅದರಲ್ಲಿ ಉಳಿಯಲ್ಲ. ನೇತುಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಹತ್ತಿರ ಹತ್ತಿರ ಐದು ಅಡಿಗೆ ಬರಲಿ. ಶಾಲೆ ಮಕ್ಕಳೇ ಜಾಸ್ತಿ ಬರುವವರಾದರೆ ಇನ್ನೂ ಕೆಳಗೆ.

ಫೈಲ್ ಕೊಡುವ ಮುಂಚೆ ಒಂದನ್ನು ಕೇಳಿಕೊಳ್ಳಿ: ಪ್ರದರ್ಶನ ಮುಗಿದ ಮೇಲೆ ಫೋಟೋನ ಕ್ಯಾಲೆಂಡರಿಗೋ ಬ್ಯಾನರಿಗೋ ಬಳಸುತ್ತಾರಾ? ಬಳಸಿದರೆ ಹೆಸರು ಹಾಕುತ್ತಾರಾ? ಒಂದು ವಾಟ್ಸಾಪ್ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ನನ್ನ ಒಂದು ಮೀನುಗುಟುಕ ಯಾವುದೋ ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ಮೀನು ಕಚ್ಚಿಕೊಂಡು ಕೂತಿದೆ.

ವನ್ಯಜೀವಿ ಸಪ್ತಾಹ ಅಕ್ಟೋಬರ್ 2ರಿಂದ 8. ಆ ಹೊತ್ತಿಗೆ ದಸರಾನೂ ಹತ್ತಿರ ಇರುತ್ತೆ, ಫೋಟೋ ಲ್ಯಾಬಿನವರು ಕೈಗೆ ಸಿಗಲ್ಲ. ಸೆಪ್ಟೆಂಬರ್ ಮೂರನೇ ವಾರದೊಳಗೆ ಪ್ರಿಂಟ್ ಹಾಕಿಸಿಬಿಡಿ. ಮೊದಲು ಒಂದನ್ನು ಮಾತ್ರ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಉಳಿದ ಮೂರು.