ಫ್ರೆಂಚ್ ಓಪನ್ ಟೆನಿಸ್‌ನಲ್ಲಿ ಚೆಂಡು ಯಾಕೆ ಅಷ್ಟು ನಿಧಾನ?

ಮಣ್ಣಿನ ಅಂಗಳ ಅಂತೀವಿ, ಆದರೆ ಪ್ಯಾರಿಸ್‌ನ ಆ ಕೆಂಪು ನಿಜವಾಗಿ ಇಟ್ಟಿಗೆ ಪುಡಿ. ಅದೂ ಒಂದೆರಡು ಮಿಲಿಮೀಟರ್ ಅಷ್ಟೇ, ಕೆಳಗಿರುವುದು ಬಿಳಿ ಸುಣ್ಣಕಲ್ಲಿನ ಪದರ. ಚೆಂಡು ಬಿದ್ದಾಗ ಆ ಪುಡಿಗೆ ಉಜ್ಜಿಕೊಂಡು ವೇಗ ಕಳೆದುಕೊಳ್ಳುತ್ತದೆ, ಪುಟಿಯುವುದು ಮಾತ್ರ ಜಾಸ್ತಿ ಎತ್ತರ. ಹುಲ್ಲಿನ ಮೇಲೆ ಸೀದಾ ಪಾಯಿಂಟ್ ಆಗುವ ಎಷ್ಟೋ ಸರ್ವ್ ಇಲ್ಲಿ ವಾಪಸ್ ಬರುತ್ತವೆ. ನಡಾಲ್ ಇಲ್ಲಿ 14 ಸಲ ಗೆದ್ದದ್ದು ಸುಮ್ನೆ ಅಲ್ಲ. ಅವರ ಎಡಗೈ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಗಿರಗಿರ ತಿರುಗುವ ಹೊಡೆತ) ಎದುರಾಳಿಯ ಭುಜದ ಮಟ್ಟಕ್ಕೆ ಏರುತ್ತಿತ್ತು, ಅದನ್ನು ಒಂದೇ ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಹೊಡೆಯುವ ಕಷ್ಟ ಫೆಡರರ್‌ಗೆ ಚೆನ್ನಾಗಿ ಗೊತ್ತು. ನನಗೆ ಇಷ್ಟ ಆ ಪುಡಿಯ ಮೇಲೆ ಉಳಿಯುವ ಚೆಂಡಿನ ಗುರುತು. ಔಟಾ, ಇನ್ನಾ ಅಂತ ಜಗಳ ಬಂದರೆ ಅಂಪೈರ್ ಕುರ್ಚಿಯಿಂದ ಇಳಿದು ಬಂದು ಬಗ್ಗಿ ನೋಡುತ್ತಾರೆ! ಅಂದಹಾಗೆ, ನಮ್ಮ ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಮಿಶ್ರ ಡಬಲ್ಸ್ ಗೆದ್ದದ್ದೂ ಇಲ್ಲೇ.