ಪ್ರಾಸ್ಟೇಟ್ ಹಿಗ್ಗುವಿಕೆ, ಉರಿಯೂತ ಮತ್ತು ಸುಣ್ಣದ ಕಣಗಳು: ಒಂದು ಆಪ್ತಸಲಹೆ ಪ್ರಕರಣ

ಅರವತ್ತು ದಾಟಿದ ನಿವೃತ್ತರೊಬ್ಬರು ಪತ್ನಿಯೊಂದಿಗೆ ಬಂದಿದ್ದರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಒಳಗೆ ಕ್ಯಾಲ್ಸಿಫಿಕೇಶನ್, ಅಂದರೆ ಸುಣ್ಣದ ಕಣಗಳು, ಇದೆ ಎಂದು ಸ್ಕ್ಯಾನಿಂಗ್ ವರದಿಯಲ್ಲಿತ್ತು. ಆ ಸಾಲಿನ ಕೆಳಗೆ ಅವರು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ಉರಿಯೂತವೂ ಇರಬಹುದೆಂದು ಮೂತ್ರರೋಗ ತಜ್ಞರು ಹೇಳಿದ್ದೇ ತಡ, ಅವರು ಹಾಲು ಬಿಟ್ಟರು, ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ನಿಲ್ಲಿಸಿದರು, ಪತ್ನಿಗೆ ಸೋಂಕು ತಗಲೀತೆಂದು ಬೇರೆ ಕೋಣೆಯಲ್ಲಿ ಮಲಗತೊಡಗಿದರು. “ಇವರು ಯಾಕೆ ದೂರವಾದರು ಅಂತ ನನಗೆ ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ” ಎಂದು ಆಕೆ ಹೇಳಿದಾಗ ಅವರು ತಲೆಯೆತ್ತಲಿಲ್ಲ.

ರೋಗನಿರ್ಣಯ ನನ್ನ ಕೆಲಸವಲ್ಲವಾದ್ದರಿಂದ, ಅವರ ಒಪ್ಪಿಗೆ ಪಡೆದು ತಜ್ಞರೊಂದಿಗೆ ಮಾತಾಡಿದ ಮೇಲೆಯೇ ವಿವರಣೆಗೆ ತೊಡಗಿದೆ. ಗ್ರಂಥಿಯ ಸಣ್ಣ ನಾಳಗಳಲ್ಲಿ ಸ್ರಾವ ನಿಂತು ಗಟ್ಟಿಯಾಗಿ, ಅದರ ಮೇಲೆ ಕ್ಯಾಲ್ಸಿಯಂ ಲವಣ ಕೂತು ಈ ಕಣಗಳಾಗುತ್ತವೆ. ವಯಸ್ಸಾದ ಗಂಡಸರಲ್ಲಿ ಇವು ಬಹಳ ಸಾಮಾನ್ಯ, ಹಳೆಯ ಉರಿಯೂತದ ಗುರುತಾಗಿಯೂ ಉಳಿದಿರಬಹುದು. ಇವು ಕ್ಯಾನ್ಸರ್ ಅಲ್ಲ, ಹಾಲು ಕುಡಿದದ್ದರಿಂದ ಬಂದವೂ ಅಲ್ಲ, ತೊಂದರೆ ಕೊಡದಿದ್ದರೆ ತೆಗೆಯಬೇಕಾಗಿಯೂ ಇಲ್ಲ. ಮೂತ್ರದ ಸೋಂಕು ಮತ್ತೆ ಮತ್ತೆ ಮರುಕಳಿಸುವವರಲ್ಲಿ ಮಾತ್ರ ಬ್ಯಾಕ್ಟೀರಿಯಾಗಳು ಇವುಗಳಲ್ಲಿ ಅಡಗಿರಬಹುದೇ ಎಂದು ವೈದ್ಯರು ಯೋಚಿಸುತ್ತಾರೆ. ಇವರ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಯಾವ ಸೋಂಕೂ ಇರಲಿಲ್ಲ.

ಉರಿಯೂತವೆಂದರೆ ಸೋಂಕೇ ಎಂಬ ಅವರ ನಂಬಿಕೆಯನ್ನು ಸಡಿಲಿಸಲು ಹೆಚ್ಚು ಹೊತ್ತು ಹಿಡಿಯಿತು. ರೆಡ್ಯೂಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನಕ್ಕೆ ಸೇರಿದ್ದ 8,000ಕ್ಕೂ ಹೆಚ್ಚು ಗಂಡಸರ ಬಯಾಪ್ಸಿಗಳನ್ನು ನೋಡಿದಾಗ, ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಯಲ್ಲಿ ದೀರ್ಘಕಾಲದ ಉರಿಯೂತ ಕಂಡಿತ್ತು. ಅದಕ್ಕೂ ಮೂತ್ರದ ತೊಂದರೆಯ ತೀವ್ರತೆಗೂ ಇದ್ದ ನಂಟು ಮಾತ್ರ ದುರ್ಬಲವಾಗಿತ್ತು. ರೋಗಾಣುವೇ ಇಲ್ಲದ ಇಂಥ ಉರಿಯೂತ ಪತ್ನಿಗೆ ಅಂಟುವುದಿಲ್ಲ. ಆದ್ದರಿಂದ ಆ್ಯಂಟಿಬಯೋಟಿಕ್‌ನ ಇನ್ನೊಂದು ಕೋರ್ಸ್ ಬೇಕೆಂಬ ಒತ್ತಾಯವನ್ನು ಬಿಡುವಂತೆ ಸ್ಪಷ್ಟವಾಗಿ ಹೇಳಿದೆ.

ಇಷ್ಟರಲ್ಲಿ ನಿಜವಾದ ತೊಂದರೆ ಮರೆಯಲ್ಲೇ ಉಳಿದಿತ್ತು. ಏಳು ಪ್ರಶ್ನೆಗಳ, 35 ಅಂಕಗಳ ಪ್ರಾಸ್ಟೇಟ್ ಲಕ್ಷಣಪಟ್ಟಿಯನ್ನು ಇಬ್ಬರ ಮುಂದೆಯೂ ಇಟ್ಟೆ. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬಲ್ಲಿ ಅವರು ಎರಡು ಎಂದು ಬರೆದರು. “ಬೇರೆ ಕೋಣೆಯಲ್ಲಿದ್ದರೂ ನನಗೆ ಕೇಳಿಸುತ್ತದೆ, ನಾಲ್ಕು ಸಲ” ಎಂದರು ಪತ್ನಿ. ಅವರು ಮರುಮಾತಿಲ್ಲದೆ ಅಂಕೆ ತಿದ್ದಿದರು. ಒಟ್ಟು 17 ಬಂತು. 8ರಿಂದ 19 ಮಧ್ಯಮ ತೀವ್ರತೆ. ಚಿಕಿತ್ಸೆ ನಿರ್ಧಾರವಾಗಬೇಕಾದದ್ದು ಮುಖ್ಯವಾಗಿ ಈ ಲಕ್ಷಣಗಳ ಮೇಲೆ, ಸ್ಕ್ಯಾನಿಂಗ್‌ನ ಬಿಳಿ ಚುಕ್ಕೆಗಳ ಮೇಲಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರನ್ನು ಹಗಲೆಲ್ಲ ಹಂಚಿಕೊಂಡು ಕುಡಿದು ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಲು, ಸಂಜೆಯ ಕಾಫಿ ಬಿಡಲು, ಮಲಬದ್ಧತೆಯಾಗದಂತೆ ನೋಡಿಕೊಳ್ಳಲು, ನೆಗಡಿಯ ಮಾತ್ರೆಗಳಲ್ಲಿ ಕೆಲವು ಮೂತ್ರ ಕಟ್ಟಿಸುವುದರಿಂದ ಕೇಳದೆ ನುಂಗದಿರಲು ತಿಳಿಸಿದೆ. ಮೂತ್ರ ಸರಾಗವಾಗಿ ಹೋಗಲೆಂದು ತಜ್ಞರು ಬರೆದಿದ್ದ ಟ್ಯಾಮ್ಸುಲೋಸಿನ್ ಎಂಬ ಔಷಧಿಯಿಂದ ಎದ್ದೊಡನೆ ತಲೆ ಸುತ್ತಬಹುದು. ಅದು ವೀರ್ಯ ಹೊರಬರುವುದನ್ನೂ ಕಡಿಮೆ ಮಾಡಬಹುದು. ಪತ್ನಿಗೂ ಇದು ಗೊತ್ತಿರಲೇಬೇಕೆಂದು ಒತ್ತಿ ಹೇಳಿದೆ, ಏಕೆಂದರೆ ಹೇಳದೇ ಉಳಿದ ಇಂಥ ಸಂಗತಿಗಳೇ ಮತ್ತೆ ದೂರ ತರುತ್ತವೆ. ಮೂತ್ರ ಪೂರ್ತಿ ಕಟ್ಟಿದರೆ, ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಪಿಎಸ್ಎ ಎಂಬ ಪ್ರೋಟೀನಿನ ಪ್ರಮಾಣ ಅವರಲ್ಲಿ ತುಸು ಏರಿತ್ತು. ಹಿಗ್ಗಿದ ಗ್ರಂಥಿ, ಉರಿಯೂತ ಎರಡೂ ಅದನ್ನು ಏರಿಸುತ್ತವೆ. ಆದರೆ ಕಾರಣ ಅದೇ ಎಂದು ತಾವೇ ತೀರ್ಮಾನಿಸಿ ಮರುಪರೀಕ್ಷೆ ತಪ್ಪಿಸುವಂತಿಲ್ಲ ಎಂದೆ. ಆರು ವಾರಗಳ ನಂತರ ಬಂದಾಗ ಅಂಕ 11ಕ್ಕೆ ಇಳಿದಿತ್ತು, ರಾತ್ರಿ ಏಳುವುದು ಎರಡು ಸಲಕ್ಕೆ ಬಂದಿತ್ತು, ಮರುಪರೀಕ್ಷೆಗೆ ರಕ್ತ ಕೊಟ್ಟಾಗಿತ್ತು. ಫಲಿತಾಂಶದ ಬಗ್ಗೆ ಅಂಜಿಕೆ ಇನ್ನೂ ಇದೆ ಎಂದು ಈ ಬಾರಿ ಪತ್ನಿಯ ಎದುರೇ ಹೇಳಿಕೊಂಡರು. ವರದಿ ತರಲು ಇಬ್ಬರೂ ಒಟ್ಟಿಗೆ ಹೋಗುವುದೆಂದು ನಿಶ್ಚಯವಾಯಿತು.